ಕಪ್ ಸೈಜಿನ ಅಕ್ಷರ ಬಿಡಿ, ಟೇಪು ಹಿಡಿಯಿರಿ: ಎದೆಯ ಇಂಪ್ಲಾಂಟ್ ಅಳತೆ ಆರಿಸುವ ಬಗೆ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಹದಿನಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಗಿರಾಕಿಯ ಬಾಯಲ್ಲಿ ಸೈಜು ಕೇಳಿಕೊಂಡು ಬಟ್ಟೆ ಕತ್ತರಿಸಿದ್ದು ಒಂದು ದಿನವೂ ಇಲ್ಲ. "ಅಕ್ಕಾ, ನಂದು 34, ಹಾಗೇ ಹೊಲಿದುಬಿಡಿ" ಅನ್ನುವವರನ್ನೂ ನಿಲ್ಲಿಸಿ ಟೇಪು ಸುತ್ತುತ್ತೇನೆ.

ಮೂರು ವರ್ಷದ ಹಿಂದೆ ನಾನೇ ಇಂಪ್ಲಾಂಟ್ ಹಾಕಿಸಿಕೊಂಡೆ. ಎರಡು ಮಕ್ಕಳಿಗೆ ಹಾಲು ಕುಡಿಸಿ ಬಿಡಿಸಿದ ಮೇಲೆ ಎದೆ ಪೂರ್ತಿ ಕರಗಿಹೋಗಿತ್ತು. ಅದು ನನಗೆ ಬೇಸರವಾಗಿತ್ತು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನಾನು ಯಾರಿಗೂ ಕೊಡಲಿಲ್ಲ, ನೀವೂ ಕೊಡಬೇಕಾಗಿಲ್ಲ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಕೌಂಟರಿನ ಹುಡುಗಿ "ಬಿ ಕಪ್ ಬೇಕಾ, ಸಿ ಕಪ್ ಬೇಕಾ ಮೇಡಂ?" ಎಂದು ಕೇಳಿದಳು. ಒಳಗಿದ್ದ ಡಾಕ್ಟರು ದೂರದಿಂದಲೇ ನೋಡಿ, "350 ಸಿಸಿ ಹಾಕೋಣ, ಚೆನ್ನಾಗಿ ಕಾಣುತ್ತೆ" ಎಂದರು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿಯೂ ಉಂಟಂತೆ. ಇಪ್ಪತ್ತು ನಿಮಿಷದಲ್ಲಿ ಯಾರೂ ಒಂದು ಟೇಪು ಮುಟ್ಟಲಿಲ್ಲ. ಮುನ್ನೂರು ರೂಪಾಯಿಯ ಬ್ಲೌಸಿಗೆ ನಾನು ಹತ್ತು ಅಳತೆ ತೆಗೆಯುತ್ತೇನೆ! ಚೀಲ ಎತ್ತಿಕೊಂಡು ಬಸ್ ಹತ್ತಿದೆ.

ಆಮೇಲೆ ಬೇರೆ ಕಡೆ ಸರಿಯಾಗಿ ಅಳೆಸಿಕೊಂಡು ಮಾಡಿಸಿಕೊಂಡೆ. ಈಗ ಅಂಗಡಿಗೆ ಬರುವ ಒಬ್ಬಿಬ್ಬರು ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ನೀವು ಎಷ್ಟು ಹಾಕಿಸಿದ್ದು?" ನನ್ನ ನಂಬರಿನಿಂದ ಅವರಿಗೆ ಏನೂ ಉಪಯೋಗವಿಲ್ಲ. ಆ ನಂಬರಿಗೆ ಬಂದ ದಾರಿ ಬೇಕಾದರೆ ಹೇಳಬಹುದು.

ಮೊದಲು: ಈಗ ಮಾಡಿಸುವ ಹೊತ್ತು ಹೌದಾ?

ಅಳತೆ ತೆಗೆಯುವ ಮೊದಲು ಮೈ ಒಂದು ಹದಕ್ಕೆ ನಿಂತಿರಬೇಕು. ಹಾಲು ಬಿಡಿಸಿ ಕನಿಷ್ಠ ಮೂರರಿಂದ ಆರು ತಿಂಗಳು ಬಿಡಿ, ಎದೆ ತನ್ನ ಆಕಾರಕ್ಕೆ ಬರಲಿ. ತೂಕ ಇಳಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ. ಇನ್ನೊಂದು ಮಗು ಬೇಕು ಅಂತಿದ್ದರೆ, ನನ್ನ ಮಾತು ಕೇಳುವುದಾದರೆ, ಅದಾದ ಮೇಲೆಯೇ ನೋಡಿ. ಬಸಿರಿನಲ್ಲಿ ಎದೆ ಹಿಗ್ಗಿ ಕುಗ್ಗಿದರೆ ಈಗ ಹಿಡಿದ ಲೆಕ್ಕ ಆಗ ಉಳಿಯುವುದಿಲ್ಲ. ತೀರ ಚಿಕ್ಕ ವಯಸ್ಸೂ ಬೇಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಉಪ್ಪುನೀರು ತುಂಬಿದ ಸಲೈನ್ ಇಂಪ್ಲಾಂಟಿಗೆ 18, ಸಿಲಿಕಾನ್ ಜೆಲ್‌ಗೆ 22 ವರ್ಷ ಎಂದು ಗೆರೆ ಎಳೆದಿದೆ.

ಡಾಕ್ಟರು ಯಾರು ಅನ್ನುವುದೂ ಈಗಲೇ ತೀರ್ಮಾನವಾಗಬೇಕು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಓದಿದವರಾ ನೋಡಿ. ಬೋರ್ಡಿನಲ್ಲಿ 'ಕಾಸ್ಮೆಟಿಕ್' ಅಂತ ಬರೆದ ಮಾತ್ರಕ್ಕೆ ಸಾಲದು. ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ. ಮೈಸೂರು, ಮಂಗಳೂರು, ಬೆಂಗಳೂರು, ನಮಗೆ ಮೂರೂ ದೂರವೇ. ಹಾಗಂತ ಒಬ್ಬರನ್ನೇ ನೋಡಿ ಮುಗಿಸಬೇಡಿ. ಇಬ್ಬರ ಹತ್ತಿರವಾದರೂ ಅಳೆಸಿಕೊಳ್ಳಿ. ಎರಡೂ ಕಡೆಯ ಅಳತೆ ಹತ್ತಿರ ಹತ್ತಿರ ಬಂದರೆ ನಿಮಗೂ ಒಂದು ಧೈರ್ಯ.

ಕಪ್ ಸೈಜು ಯಾಕೆ ಕೈ ಕೊಡುತ್ತದೆ

ಬ್ರಾ ಕಂಪನಿಗಳಲ್ಲಿ ಒಬ್ಬರ 'ಸಿ' ಇನ್ನೊಬ್ಬರ 'ಬಿ'. ಅಷ್ಟೇ ಅಲ್ಲ, ಎದೆ ಕೆಳಗಿನ ಸುತ್ತಳತೆ ಬದಲಾದರೆ ಕಪ್ಪಿನ ಅರ್ಥವೇ ಬದಲಾಗುತ್ತದೆ. 32ಸಿ ಮತ್ತು 34ಬಿ, ಎರಡರ ಕಪ್ಪಿನಲ್ಲೂ ಹಿಡಿಸುವುದು ಹೆಚ್ಚುಕಮ್ಮಿ ಒಂದೇ. ಇಂಪ್ಲಾಂಟ್ ಬರುವುದು ಸಿಸಿ ಲೆಕ್ಕದಲ್ಲಿ. ಒಂದು ಸಿಸಿ ಅಂದರೆ ಒಂದು ಮಿಲಿ. 150ರಿಂದ 200 ಸಿಸಿ ಹಾಕಿದರೆ ಒಂದು ಕಪ್ ಏರುತ್ತದೆ ಎಂದು ಒಂದು ಬಾಯಿಲೆಕ್ಕ ಉಂಟು. ಸಣಕಲು ಮೈಯಲ್ಲಿ 250 ತುಂಬಿ ತುಳುಕಿದ ಹಾಗೆ ಕಂಡರೆ, ಅಗಲ ಎದೆಯವರಲ್ಲಿ ಅದೇ 250 ಎಲ್ಲಿ ಹೋಯಿತು ಎಂದು ಹುಡುಕಬೇಕು. ಹಾಗಾಗಿ ಡಾಕ್ಟರ ಹತ್ತಿರ "ಸಿ ಕಪ್" ಅನ್ನಬೇಡಿ. ಬಟ್ಟೆಯಲ್ಲಿ ಹೇಗೆ ಕಾಣಬೇಕು ಅಂತ ಹೇಳಿ. ಮೇಲ್ಭಾಗ ತುಂಬಬೇಕಾ, ಇಳಿಜಾರಾಗಿ ಸಹಜವಾಗಿ ಕಾಣಬೇಕಾ, ನೋಡಿದ ಕೂಡಲೇ ಗೊತ್ತಾಗಬೇಕಾ, ಗೊತ್ತಾಗಲೇಬಾರದಾ?

ನಮ್ಮ ಕಡೆ ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ. ಕೊಡವ ಸೀರೆ ಉಟ್ಟವರನ್ನು ನೋಡಿ. ನೆರಿಗೆ ಹಿಂದೆ ಹೋಗುತ್ತದೆ, ಸೆರಗು ಎದೆ ಮೇಲೆ ಬಿಗಿಯಾಗಿ ಬಂದು ಬಲ ಭುಜದಲ್ಲಿ ಪಿನ್ ಆಗುತ್ತದೆ. ಮುಂದೆ ನೆರಿಗೆಯ ಮರೆ ಇಲ್ಲ, ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಚೂಡಿದಾರದಲ್ಲಿ ಒಪ್ಪುವ ಅಳತೆ ಈ ಸೀರೆಯಲ್ಲಿ ಜಾಸ್ತಿ ಅನ್ನಿಸಬಹುದು. ವರ್ಷದಲ್ಲಿ ಹತ್ತು ಮದುವೆಗೆ ಇದನ್ನೇ ಉಡುವವರಾದರೆ ಕನ್ನಡಿ ಮುಂದೆ ಇದನ್ನೇ ಉಟ್ಟು ಯೋಚಿಸಿ.

ಅಳತೆ: ಇಲ್ಲಿ ಅವಸರ ಬೇಡ

ಎಲ್ಲಕ್ಕಿಂತ ಮುಖ್ಯವಾದದ್ದು ಎದೆಯ ಬುಡದ ಅಗಲ. ಒಂದು ಕಡೆಯ ಸ್ತನ ನಡು ಎಲುಬಿನ ಹತ್ತಿರ ಎಲ್ಲಿ ಶುರುವಾಗಿ ಕಂಕುಳ ಕಡೆ ಎಲ್ಲಿ ಮುಗಿಯುತ್ತದೆ ಅನ್ನುವ ನೇರ ಅಳತೆ, ಸೆಂಟಿಮೀಟರಿನಲ್ಲಿ. ಇದನ್ನು ಟೇಪಿಗಿಂತ ಕ್ಯಾಲಿಪರ್ ಎಂಬ ಕವೆಗೋಲಿನಂಥ ಸಾಧನದಲ್ಲಿ ತೆಗೆಯುತ್ತಾರೆ, ಯಾಕೆಂದರೆ ಟೇಪು ಉಬ್ಬಿನ ಮೇಲೆ ಹತ್ತಿ ಇಳಿದು ಜಾಸ್ತಿ ತೋರಿಸುತ್ತದೆ. ಇಂಪ್ಲಾಂಟಿನ ಅಗಲ ಈ ಬುಡದೊಳಗೇ ಕೂರಬೇಕು.

ಎರಡನೆಯದು ಚಿವುಟುವ ಅಳತೆ. ಡಾಕ್ಟರು ಎದೆಯ ಮೇಲ್ಭಾಗ, ಒಳಬದಿ, ಹೊರಬದಿಯಲ್ಲಿ ಚರ್ಮ ಮತ್ತು ಕೊಬ್ಬನ್ನು ಎರಡು ಬೆರಳಲ್ಲಿ ಹಿಡಿದು ಎಷ್ಟು ದಪ್ಪ ಅಂತ ನೋಡುತ್ತಾರೆ. ಇಂಪ್ಲಾಂಟಿಗೆ ಹೊದಿಕೆ ಎಷ್ಟಿದೆ ಅಂತ ಇದರಲ್ಲಿ ಗೊತ್ತಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಬಟ್ಟೆ ತೆಳುವಾ, ದಪ್ಪವಾ, ಲೈನಿಂಗ್ ಬೇಕಾ ಅನ್ನುವ ಪ್ರಶ್ನೆ. ಮೇಲ್ಭಾಗದಲ್ಲಿ ಸುಮಾರು 2 ಸೆಂ.ಮೀ.ಗಿಂತ ಕಮ್ಮಿ ಸಿಕ್ಕಿದರೆ ಸಾಮಾನ್ಯವಾಗಿ ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗೆ ಇಡುತ್ತಾರೆ. ಆಗ ಸ್ನಾಯುವೇ ಲೈನಿಂಗ್.

ಈ ಎರಡು ಅಳತೆಯಿಂದ ಒಂದು ಸುಲಭ ಲೆಕ್ಕ ಬರುತ್ತದೆ. ನನ್ನದನ್ನೇ ಹೇಳುತ್ತೇನೆ. ಬುಡದ ಅಗಲ 12 ಸೆಂ.ಮೀ. ಒಳಬದಿ ಚಿವುಟಿದಾಗ 0.8, ಹೊರಬದಿ 1.2, ಕೂಡಿದರೆ 2. ಚಿವುಟಿದಾಗ ಚರ್ಮ ಎರಡು ಪದರವಾಗಿ ಬರುತ್ತದಲ್ವಾ, ಅದಕ್ಕೆ ಅರ್ಧ ಮಾಡಬೇಕು: 1. ಹನ್ನೆರಡರಲ್ಲಿ ಒಂದು ಕಳೆದರೆ 11. ನನ್ನ ಇಂಪ್ಲಾಂಟಿನ ಅಗಲ ಸುಮಾರು 11 ಸೆಂ.ಮೀ. ದಾಟಬಾರದು. ಡಾಕ್ಟರು ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ನನಗೆ ನಿಜವಾಗಿ ಖುಷಿಯಾಯಿತು. ಇದು ನನ್ನ ಕಸುಬಿನ ಗಣಿತ!

ಮೂರನೆಯದು ಚರ್ಮ ಎಷ್ಟು ಹಿಗ್ಗುತ್ತದೆ ಅನ್ನುವುದು. ತೊಟ್ಟಿನ ಸುತ್ತಲ ಚರ್ಮವನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಮಗು ಆಗದವರಲ್ಲಿ ಚರ್ಮ ಬಿಗಿ, ಒಳಗೆ ಮಾರ್ಜಿನ್ ಬಿಡದೆ ಹೊಲಿದ ಬ್ಲೌಸಿನ ಹಾಗೆ. ಅಲ್ಲಿ ದೊಡ್ಡದು ತುರುಕಿದರೆ ಚರ್ಮ ಮೇಲೆ ಮಿಂಚುತ್ತದೆ, ಒಳಗೆ ತೆಳುವಾಗುತ್ತದೆ. ನನ್ನ ಹಾಗೆ ಹಾಲು ಕುಡಿಸಿದವರಲ್ಲಿ ಜಾಗ ಇರುತ್ತದೆ, ಆದರೆ ಹಿಡಿದಿಡುವ ಬಲ ಕಮ್ಮಿ.

ಕೊನೆಗೆ ಎರಡು ಉದ್ದದ ಅಳತೆ. ಕುತ್ತಿಗೆ ಬುಡದ ಗುಳಿಯಿಂದ ತೊಟ್ಟಿಗೆ, ಮತ್ತು ತೊಟ್ಟಿನಿಂದ ಎದೆ ಕೆಳಗಿನ ಮಡಿಕೆಗೆ. ಕೆಳಗಿನ ಅಳತೆ ತೆಗೆಯುವಾಗ ಚರ್ಮ ಎಳೆದು ಹಿಡಿಯುತ್ತಾರೆ.

ಇಲ್ಲೇ ಒಂದು ಮಾತು ನೇರವಾಗಿ ಹೇಳಬೇಕು. ತೊಟ್ಟು ಆ ಮಡಿಕೆಗಿಂತ ಕೆಳಗೆ ಇಳಿದಿದ್ದರೆ ಬರೀ ಇಂಪ್ಲಾಂಟಿನಿಂದ ಎದೆ ಮೇಲೇಳುವುದಿಲ್ಲ. "ಸ್ವಲ್ಪ ದೊಡ್ಡದು ಹಾಕಿದ್ರೆ ಎತ್ತಿ ನಿಲ್ಲುತ್ತೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಭಾರ ಹೆಚ್ಚಿದಷ್ಟೂ ಇನ್ನೂ ಇಳಿಯುತ್ತದೆ. ಅದಕ್ಕೆ ಚರ್ಮ ತೆಗೆದು ಎತ್ತಿ ಹೊಲಿಯುವ ಲಿಫ್ಟ್ ಶಸ್ತ್ರಚಿಕಿತ್ಸೆ ಬೇರೆಯೇ ಇದೆ. ಅದರ ಗಾಯದ ಗುರುತೂ ಜಾಸ್ತಿ, ಖರ್ಚೂ ಜಾಸ್ತಿ. ಬೇಕಾದರೆ ಎರಡನ್ನೂ ಸೇರಿಸಿ ಮಾಡುತ್ತಾರೆ.

ಎಡ ಬಲ ಒಂದೇ ಇಲ್ಲ ಎಂದು ಡಾಕ್ಟರು ಹೇಳಿದರೆ ಗಾಬರಿ ಬೇಡ. ಇಷ್ಟು ವರ್ಷದಲ್ಲಿ ಎರಡೂ ಕಡೆ ಸರಿಸಮ ಇರುವ ಒಬ್ಬರನ್ನೂ ನಾನು ಅಳೆದಿಲ್ಲ. ವ್ಯತ್ಯಾಸ ಜಾಸ್ತಿ ಇದ್ದರೆ ಎರಡು ಕಡೆಗೆ ಬೇರೆ ಬೇರೆ ಅಳತೆಯ ಇಂಪ್ಲಾಂಟ್ ಹಾಕುತ್ತಾರೆ.

ಅಗಲ ಸಿಕ್ಕಿತು, ಇನ್ನು ಉಬ್ಬು

ಪ್ರೊಫೈಲ್ ಎಂಬ ಪದ ಈಗ ಬರುತ್ತದೆ, ಇಂಪ್ಲಾಂಟ್ ಎಷ್ಟು ಮುಂದಕ್ಕೆ ಉಬ್ಬುತ್ತದೆ ಅನ್ನುವುದು. ಲೋ, ಮಾಡರೇಟ್, ಹೈ ಎಂದು ಕಂಪನಿಗಳು ವಿಂಗಡಿಸುತ್ತವೆ. ನಡುವೆ 'ಪ್ಲಸ್' ಸೇರಿಸಿ ಇನ್ನೂ ಒಂದೆರಡು ಬಗೆ ಇವೆ. ಒಂದೇ 300 ಸಿಸಿ ಜೆಲ್ಲನ್ನು ತಟ್ಟೆಯಂತೆ ಅಗಲವಾಗಿಯೂ ಮಾಡಬಹುದು, ಬಟ್ಟಲು ಕವುಚಿದಂತೆ ಕಿರಿದಾಗಿ ಎತ್ತರವಾಗಿಯೂ ಮಾಡಬಹುದು. ಕಡಂಬಿಟ್ಟು ಉಂಡೆಯನ್ನು ಅಂಗೈಯಲ್ಲಿ ಒತ್ತಿ ನೋಡಿ, ಹಿಟ್ಟು ಅಷ್ಟೇ ಇರುತ್ತದೆ, ಅಗಲ ಹೆಚ್ಚಿದಷ್ಟು ಎತ್ತರ ಇಳಿಯುತ್ತದೆ. ಅಗಲ ನಿಮ್ಮ ಮೈಯೇ ತೀರ್ಮಾನಿಸಿಬಿಟ್ಟಿದೆ. ಉಬ್ಬು ಎಷ್ಟು ಬೇಕು ಅನ್ನುವುದು ಮಾತ್ರ ನಿಮ್ಮ ಆಯ್ಕೆ. ಅಗಲ ಮತ್ತು ಉಬ್ಬು ಎರಡೂ ನಿಂತ ಮೇಲೆ ಕ್ಯಾಟಲಾಗ್ ತೆರೆದರೆ ಸಿಸಿ ತಾನಾಗಿ ಸಿಗುತ್ತದೆ. ಎಲ್ಲರೂ ಮೊದಲು ಕೇಳುವ ನಂಬರು ಕೊನೆಗೆ ಬರಬೇಕಾದದ್ದು.

ಕಿರಿದಾದ ಎದೆಯವರು ದೊಡ್ಡದು ಬೇಕು ಅಂದರೆ ಹೈ ಪ್ರೊಫೈಲ್ ತೋರಿಸುತ್ತಾರೆ. ಅದು ತಪ್ಪಲ್ಲ, ಆದರೆ ಅತಿಯಾದರೆ ಚೆಂಡು ಅಂಟಿಸಿದ ಹಾಗೆ ಕಾಣುತ್ತದೆ.

ದುಂಡನೆಯದು, ನೀರಹನಿಯಂತೆ ಕೆಳಗೆ ತುಂಬಿದ್ದು, ಎರಡು ಆಕಾರ ಉಂಟು. ಹನಿಯಾಕಾರದ್ದು ಒಳಗೆ ತಿರುಗಿದರೆ ಆಕಾರ ಕೆಡುವುದರಿಂದ ಅದಕ್ಕೆ ಒರಟು ಮೇಲ್ಮೈ ಮಾಡಿರುತ್ತಾರೆ. ಒರಟು ಮೇಲ್ಮೈಯವಕ್ಕೂ ಬಿಐಎ-ಎಎಲ್‌ಸಿಎಲ್ ಎಂಬ ಅಪರೂಪದ ಕ್ಯಾನ್ಸರಿಗೂ ನಂಟು ಕಂಡಿದೆ. 2019ರಲ್ಲಿ ಆಲರ್‌ಗನ್ ಕಂಪನಿಯ ಬಯೋಸೆಲ್ ಒರಟು ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ತರಿಸಿಕೊಂಡರು. ಕೊಡುವುದು ನುಣುಪಾ ಒರಟಾ ಎಂದು ಬಾಯಿಬಿಟ್ಟು ಕೇಳಿ. ನಾನು ನುಣುಪು, ದುಂಡನೆಯದೇ ಹಾಕಿಸಿದ್ದು.

ಮನೆಯಲ್ಲಿ ಅಕ್ಕಿ ಚೀಲ

ಇದು ಖರ್ಚಿಲ್ಲದ ಕೆಲಸ, ಖಂಡಿತ ಮಾಡಿ. ಡಾಕ್ಟರು ಹೇಳಿದ ಎರಡು ಮೂರು ಅಳತೆಗೆ ಅಕ್ಕಿ ಅಳೆದು ಹಳೆಯ ಸ್ಟಾಕಿಂಗ್ಸಿನಲ್ಲಿ ಕಟ್ಟಿ. ನಾನು ಲೈನಿಂಗ್ ತುಂಡಿನಲ್ಲಿ ದುಂಡಗೆ ಹೊಲಿದುಕೊಂಡೆ. ಮಿಲಿ ಗುರುತಿರುವ ಕಪ್ಪಿನಲ್ಲಿ ಅಳೆಯಿರಿ, ತಕ್ಕಡಿಯಲ್ಲಿ ಅಲ್ಲ. 250 ಮಿಲಿ ಅಕ್ಕಿಯ ತೂಕ ಸುಮಾರು 200 ಗ್ರಾಂ ಬರುತ್ತದೆ, ಇಂಪ್ಲಾಂಟ್ ಅದಕ್ಕಿಂತ ಭಾರ. ಭಾರ ನೋಡಬೇಕಾದರೆ ಜಿಪ್ ಕವರಿನಲ್ಲಿ ಅಷ್ಟೇ ನೀರು ತುಂಬಿ.

ಪ್ಯಾಡ್ ಇಲ್ಲದ, ಮೆತ್ತಗೆ ಹಿಗ್ಗುವ ಬ್ರಾ ಹಾಕಿ ಚೀಲವನ್ನು ತೊಟ್ಟಿನ ನೇರಕ್ಕೆ ಇಟ್ಟುಕೊಳ್ಳಿ. ಐದು ನಿಮಿಷ ಕನ್ನಡಿ ನೋಡಿ ತೆಗೆದರೆ ಏನೂ ತಿಳಿಯುವುದಿಲ್ಲ. ದಿನ ಪೂರ್ತಿ ಇಟ್ಟುಕೊಳ್ಳಿ. ಗುಡಿಸಿ, ಮಡಿಕೇರಿಯ ಸ್ಟುವರ್ಟ್ ಹಿಲ್ ಗುಡ್ಡ ಹತ್ತಿ ಅನ್ನುವುದಿಲ್ಲ, ಮನೆ ಹಿಂದಿನ ಏರು ಹತ್ತಿದರೂ ಸಾಕು. ತೋಟದ ಕೆಲಸ ಇರುವವರು ಕಾಳುಮೆಣಸಿನ ಏಣಿ ಹತ್ತುವ ಹಾಗೆ ಕೈ ಮೇಲೆ ಚಾಚಿ ನೋಡಿ. ನಾನು 350ರ ಚೀಲ ಇಟ್ಟುಕೊಂಡು ಕತ್ತರಿಸುವ ಮೇಜಿನ ಮೇಲೆ ಬಗ್ಗಿದೆ. ಸಂಜೆಗೆ ಬೆನ್ನು ಹೇಳಿತು. 250ರ ಜೋಡಿ ಅಂದರೆ ಅರ್ಧ ಕೆಜಿ ಕಾಫಿಪುಡಿ ಪ್ಯಾಕೆಟ್ಟಿನ ಭಾರ. 350ರ ಜೋಡಿ ಅಂದರೆ ಮುಕ್ಕಾಲು ಕೆಜಿಗೆ ಹತ್ತಿರ. ಒಂದು ದಿನ ಹೊರುವುದಲ್ಲ, ದಿನಾ ಹೊರಬೇಕು.

ಹಾಕಿ ಆಡುವ ಹುಡುಗಿಯರಿಗೆ ವಿಶೇಷವಾಗಿ ಹೇಳುತ್ತೇನೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಶುರುವಾದಾಗಿನಿಂದ ನಮ್ಮಲ್ಲಿ ಬೇಸಿಗೆ ಬಂತೆಂದರೆ ಸ್ಟಿಕ್ ಹಿಡಿಯದ ಮನೆ ಕಮ್ಮಿ. ಚೀಲ ಇಟ್ಟುಕೊಂಡು ಸ್ಪೋರ್ಟ್ಸ್ ಬ್ರಾ ಹಾಕಿ ಓಡಿ ನೋಡಿ. ಇಂಪ್ಲಾಂಟ್ ಸ್ನಾಯುವಿನ ಕೆಳಗಿದ್ದರೆ ಎದೆಯ ಸ್ನಾಯು ಬಿಗಿದಾಗ ಅದು ಅಲುಗುವುದು ಕಾಣಿಸಬಹುದು. ಆಡುವವರು, ಜಿಮ್ಮಿಗೆ ಹೋಗುವವರು ಡಾಕ್ಟರಿಗೆ ಇದನ್ನು ಮೊದಲೇ ತಿಳಿಸಬೇಕು.

ಒಂದು ಎಚ್ಚರಿಕೆ. ಹೊರಗಿಟ್ಟ ಚೀಲ ಕಂಡಷ್ಟು ಒಳಗೆ ಹೋದ ಮೇಲೆ ಕಾಣುವುದಿಲ್ಲ, ಸ್ನಾಯುವಿನ ಕೆಳಗಾದರೆ ಇನ್ನೂ ಸ್ವಲ್ಪ ಕಮ್ಮಿ. ಹಾಗಾಗಿ 250 ಮತ್ತು 275ರ ನಡುವೆ ಮನಸ್ಸು ತೂಗುತ್ತಿದ್ದರೆ 275 ತೆಗೆದುಕೊಂಡರೆ ನಷ್ಟವಿಲ್ಲ, ಅಗಲದ ಗೆರೆಯೊಳಗೆ ಇದ್ದರೆ. 25 ಸಿಸಿ ಅಂದರೆ ಐದು ಟೀ ಚಮಚ. ಅದಕ್ಕಾಗಿ ನಾನು ಮೂರು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೆ, ಸುಮ್ನೆ.

ಕ್ಲಿನಿಕ್ಕಿನಲ್ಲಿ ಟ್ರಯಲ್

ಒಳ್ಳೆಯ ಕಡೆ ಸೈಜರ್ ಎಂಬ ಮಾದರಿ ಇಂಪ್ಲಾಂಟುಗಳನ್ನು ಬ್ರಾ ಒಳಗಿಟ್ಟು ತೋರಿಸುತ್ತಾರೆ. ಹೋಗುವಾಗ ಒಂದು ಬಿಗಿ ಟೀ ಶರ್ಟು, ಒಂದು ದಿನನಿತ್ಯದ ಕುರ್ತಾ, ನಿಮಗೆ ಸರಿ ಹೊಂದುವ ಬ್ಲೌಸು ಒಯ್ಯಿರಿ. ಬಿಳಿ ಅಥವಾ ತಿಳಿ ಬಣ್ಣದ್ದು ಒಳ್ಳೆಯದು, ಕಪ್ಪು ಬಟ್ಟೆಯಲ್ಲಿ ಉಬ್ಬು ಮುಚ್ಚಿಹೋಗುತ್ತದೆ. ಪಕ್ಕದಿಂದ ಫೋಟೊ ತೆಗೆಸಿಕೊಂಡು ಮನೆಗೆ ಬಂದು ಎರಡು ದಿನ ಬಿಟ್ಟು ನೋಡಿ. ಕೆಲವೆಡೆ ವೆಕ್ಟ್ರಾ, ಕ್ರಿಸಾಲಿಕ್ಸ್‌ನಂಥ 3ಡಿ ವ್ಯವಸ್ಥೆ ಇದೆ. ಪರದೆ ಮೇಲೆ ನಿಮ್ಮದೇ ಮೈ ತೋರುತ್ತದೆ. ಅದು ಅಂದಾಜು ಚಿತ್ರ, ಮಾತುಕತೆಗೆ ಅನುಕೂಲ. ಹಾಗೇ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ.

ಜೊತೆಗೆ ಯಾರನ್ನು ಕರೆದುಕೊಂಡು ಹೋಗಬೇಕು? ನಿಮ್ಮ ಬಟ್ಟೆ ಬಗ್ಗೆ ಸತ್ಯ ಹೇಳುವ ಒಬ್ಬರನ್ನು. ನಾನು ಚಿಕ್ಕಮ್ಮನ ಮಗಳನ್ನು ಕರೆದುಕೊಂಡು ಹೋದೆ. ಯಜಮಾನರನ್ನು ಹೊರಗೆ ಕೂರಿಸಿದೆ. ಅವರು ಒಳ್ಳೆಯವರೇ, ಆದರೆ ಚೀಲ ಹೊರುವುದು ನಾನು.

ಡಾಕ್ಟರಿಗೆ ಕೇಳಬೇಕಾದದ್ದು: ನನ್ನ ಬುಡದ ಅಗಲ ಎಷ್ಟು? ನೀವು ಹೇಳುತ್ತಿರುವ ಇಂಪ್ಲಾಂಟಿನ ಅಗಲ ಎಷ್ಟು, ಪ್ರೊಫೈಲ್ ಯಾವುದು? ಇದಕ್ಕಿಂತ ದೊಡ್ಡದು ಹಾಕಿದರೆ ನನ್ನ ಮೈಯಲ್ಲಿ ಏನಾಗುತ್ತದೆ? ಮೊದಲ ಎರಡಕ್ಕೆ ಸೆಂಟಿಮೀಟರಿನಲ್ಲಿ ಉತ್ತರ ಬರಬೇಕು. ಬರದಿದ್ದರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಮೂರನೇ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಹೀಗಿತ್ತು. ಅಗಲ ಮೀರಿದರೆ ಒಳಬದಿಯಲ್ಲಿ ಎರಡೂ ಕಡೆ ಹತ್ತಿರ ಬಂದು ನಡುವಿನ ಕಣಿವೆಯೇ ಮಾಯವಾಗಬಹುದು. ಹೊರಬದಿಯಲ್ಲಿ ಕಂಕುಳಿಗೆ ತಾಗಬಹುದು. ಹೊದಿಕೆ ತೆಳುವಾದರೆ ಅಂಚಿನ ಸುಕ್ಕು ಚರ್ಮದ ಮೇಲೆ ಕಾಣುತ್ತದೆ. ಭಾರಕ್ಕೆ ಇಂಪ್ಲಾಂಟ್ ಮಡಿಕೆ ದಾಟಿ ಕೆಳಗೆ ಜಾರಬಹುದು. ಇವನ್ನೆಲ್ಲ ಸರಿಮಾಡಲು ಮತ್ತೆ ಶಸ್ತ್ರಚಿಕಿತ್ಸೆ ಬೇಕು, ಮತ್ತು ಒಮ್ಮೆ ಹಿಗ್ಗಿ ತೆಳುವಾದ ಚರ್ಮ ಮೊದಲಿನಂತೆ ಆಗುವುದಿಲ್ಲ. ಬ್ಲೌಸ್ ಸಡಿಲವಾದರೆ ನಾನು ಹಿಡಿದುಕೊಡಬಹುದು, ಚರ್ಮವನ್ನು ಹಾಗೆ ಮಾಡಲಾಗುವುದಿಲ್ಲ.

ಇನ್ನೊಂದು, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಹೊದಿಕೆ ತೆಳುವಿದ್ದವರಿಗೆ ಚಳಿಯಲ್ಲಿ ಇಂಪ್ಲಾಂಟ್ ಬೇಗ ಬೆಚ್ಚಗಾಗುವುದಿಲ್ಲ. ಮುಟ್ಟಿದರೆ ತಣ್ಣಗಿರುತ್ತದೆ. ಜನವರಿ ಬೆಳಿಗ್ಗೆ ಮಡಿಕೇರಿ ಮಂಜಿನಲ್ಲಿ ನಡೆದು ಬಂದರೆ ನನಗೆ ಈಗಲೂ ಗೊತ್ತಾಗುತ್ತದೆ. ತೊಂದರೆ ಏನಲ್ಲ, ಒಂದು ಸ್ವೆಟರ್ ಸಾಕು.

ತೀರ್ಮಾನವಾದ ಮೇಲೆ ಒಂದೇ ನಂಬರು ಹಿಡಿದು ಕೂರಬೇಡಿ. ಎದೆ ತೆರೆದ ಮೇಲೆ ಒಳಗಿನ ಜಾಗ ನೋಡಿ ಡಾಕ್ಟರು ಒಂದು ಅಳತೆ ಹಿಂದೆಮುಂದೆ ಮಾಡಬೇಕಾಗಬಹುದು. ಅಕ್ಕಪಕ್ಕದ ಅಳತೆಗಳನ್ನೂ ಆ ದಿನ ತರಿಸಿಟ್ಟಿರುತ್ತಾರಾ ಕೇಳಿ. "250ರಿಂದ 300ರ ಒಳಗೆ ನಿಮ್ಮ ತೀರ್ಮಾನ, ಅದರಾಚೆ ಹೋಗಬೇಡಿ" ಎಂದು ನಾನು ಬರೆದುಕೊಟ್ಟೆ. ಖರ್ಚಿನ ಮಾತು ಬಂದರೆ, ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಮೇಲೆ ಜಿಎಸ್‌ಟಿ ಬೇರೆ.

ಯಾವ ತಿಂಗಳು?

ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ. ಇದನ್ನು ಕೊಡಗಿನ ಕ್ಯಾಲೆಂಡರಿನಲ್ಲಿ ಕೂರಿಸುವುದು ಕಷ್ಟ. ಡಿಸೆಂಬರಿನಿಂದ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು, ಏಪ್ರಿಲ್ ಮೇ ಮದುವೆ. ಜುಲೈ ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಶುಭಕಾರ್ಯ ಇಲ್ಲ, ನನ್ನ ಅಂಗಡಿಯೂ ಖಾಲಿ, ಆದರೆ ಆ ಮಳೆಯಲ್ಲಿ ಘಟ್ಟದ ರಸ್ತೆ ನಂಬುವ ಹಾಗಿಲ್ಲ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಇದು ಹೇಳಬೇಕಾಗಿಲ್ಲ. ಹೊಲಿಗೆ ಬಿಚ್ಚಿದ ಗಾಯ, ಜ್ವರ, ಒಂದು ಕಡೆ ದಿಢೀರ್ ಊತ ಬಂದರೆ ಕೂಡಲೇ ಆಸ್ಪತ್ರೆ ತಲುಪಬೇಕಲ್ವಾ? ಮಳೆ ಇಳಿದ ಮೇಲೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಹೋಗಿ, ವರ್ಷದ ಕೊನೆಗೆ ಬರುವ ಸುಗ್ಗಿಹಬ್ಬ ಪುತ್ತರಿ ಹೊತ್ತಿಗೆ ಚೇತರಿಸಿಕೊಳ್ಳುವ ಹಾಗೆ ನಾನು ನೋಡಿಕೊಂಡೆ. ಮೊದಲ ವಾರ ಮೈಸೂರಿನಲ್ಲೇ ನಾದಿನಿ ಮನೆಯಲ್ಲಿದ್ದೆ. ಅಲ್ಲಿಂದ ಮಡಿಕೇರಿ 120 ಕಿ.ಮೀ. ಹತ್ತಿರ. ತೋಟದ ರಸ್ತೆಯ ಜೀಪಿನ ಕುಲುಕಾಟ ಬೇರೆ ಇದ್ದರೆ ಇನ್ನೂ ನಾಲ್ಕು ದಿನ ಸೇರಿಸಿ.

ಹಾಕಿಸಿದ ಮೇಲೆ ಅಳೆಯಲು ಅವಸರ ಮಾಡಬೇಡಿ

ಮೊದಲ ವಾರಗಳಲ್ಲಿ ಎದೆ ಮೇಲಕ್ಕೆ ಏರಿ, ಗಟ್ಟಿಯಾಗಿ, ಬಾತುಕೊಂಡು ಕೂತಿರುತ್ತದೆ. ಕೆಲವರು ಇಷ್ಟು ದೊಡ್ಡದಾ ಎಂದು ಅಳುತ್ತಾರೆ. ಊತ ಇಳಿದ ಮೇಲೆ ಅದೇ ಹೆಂಗಸರು ಇನ್ನೂ ಸ್ವಲ್ಪ ದೊಡ್ಡದು ಹಾಕಿಸಬೇಕಿತ್ತು ಅನ್ನುತ್ತಾರೆ. ಎರಡನ್ನೂ ನಂಬಬೇಡಿ. ಮೂರರಿಂದ ಆರು ತಿಂಗಳಲ್ಲಿ ಇಳಿದು ಮೆತ್ತಗಾಗಿ ಜಾಗಕ್ಕೆ ಕೂರುತ್ತದೆ. ಅಲ್ಲಿಯವರೆಗೆ ಡಾಕ್ಟರು ಹೇಳಿದ ತಂತಿಯಿಲ್ಲದ ಬ್ರಾ ಸಾಕು. ಹೊಸ ಬ್ಲೌಸ್ ಹೊಲಿಸಲು ಮೂರು ತಿಂಗಳೊಳಗೆ ನನ್ನ ಹತ್ತಿರ ಬಂದರೆ ನಾನೇ ವಾಪಸ್ ಕಳಿಸುತ್ತೇನೆ. ಹಳೆಯದನ್ನು ಬಿಚ್ಚಿ ಹಿಗ್ಗಿಸುವುದಾದರೆ ಪ್ರಿನ್ಸೆಸ್ ಕಟ್ ಸುಲಭ, ಕಟೋರಿ ಕಷ್ಟ. ಅದು ಇನ್ನೊಂದು ದಿನದ ಪಾಠ.

ಇವು ಜೀವಮಾನಕ್ಕೆ ಬರುವ ವಸ್ತುವಲ್ಲ. ಒಂದಲ್ಲ ಒಂದು ದಿನ ತೆಗೆಯುವುದೋ ಬದಲಾಯಿಸುವುದೋ ಬರಬಹುದು. ಸಿಲಿಕಾನ್ ಇಂಪ್ಲಾಂಟ್ ಒಳಗೇ ಸದ್ದಿಲ್ಲದೆ ಒಡೆಯಬಹುದು, ಹೊರಗೆ ಏನೂ ಗೊತ್ತಾಗದು. ಅದಕ್ಕೇ ಹಾಕಿಸಿದ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಎಂದು ಎಫ್‌ಡಿಎ ಹೇಳುತ್ತದೆ. ಮುಂದೆ ಮ್ಯಾಮೊಗ್ರಾಂ ಮಾಡಿಸುವಾಗ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಿ, ಅವರು ಅದನ್ನು ಹಿಂದಕ್ಕೆ ಸರಿಸಿ ಬೇರೆ ರೀತಿ ಚಿತ್ರ ತೆಗೆಯುತ್ತಾರೆ.

ಆಸ್ಪತ್ರೆಯಿಂದ ಹೊರಡುವಾಗ ಇಂಪ್ಲಾಂಟಿನ ಕಾರ್ಡ್ ಕೇಳಿ ತನ್ನಿ. ಕಂಪನಿ, ಅಳತೆ, ಪ್ರೊಫೈಲ್, ಸೀರಿಯಲ್ ನಂಬರು ಅದರಲ್ಲಿರುತ್ತದೆ. ಕಂಪನಿ ಮಾಲು ವಾಪಸ್ ಕರೆದರೆ ಅದೊಂದೇ ಸಾಕ್ಷಿ. ನಾನು ಕಾರ್ಡನ್ನು ಬೀರುವಿನಲ್ಲಿಟ್ಟು, ನಂಬರನ್ನು ಅಂಗಡಿಯ ಅಳತೆ ಪುಸ್ತಕದಲ್ಲೂ ಬರೆದಿಟ್ಟಿದ್ದೇನೆ. ಗಿರಾಕಿಗಳ ಭುಜ, ತೋಳು, ಎದೆ ಸುತ್ತಿನ ನಡುವೆ ನನ್ನ ಹೆಸರಿನ ಪುಟದಲ್ಲಿ: ಎಡ 275, ಬಲ 250, ಅಗಲ 11.